ವಾರಕ್ಕೊಂದೇ ಸಲ ಕುಡಿಯೋದು, ಆದರೂ ತೊಂದರೆನಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಕಾಲೇಜು ಹುಡುಗ ಹುಡುಗಿಯರವು, ಇಲ್ಲಾ ಅವರ ಅಪ್ಪ ಅಮ್ಮಂದಿರವು. ವಿಷಯ ಎಲ್ಲರದ್ದೂ ಒಂದೇ, ಕೂತಲ್ಲೇ ಕಂಠಪೂರ್ತಿ ಕುಡಿಯುವುದು. ಬಿಂಜ್ ಡ್ರಿಂಕಿಂಗ್ ಅನ್ನುತ್ತಾರಲ್ಲ, ಅದು. ಆರು ಪ್ರಶ್ನೆ ಆರಿಸಿಕೊಂಡಿದ್ದೇನೆ. ಎರಡನೆಯದರ ಉತ್ತರ ಉದ್ದ ಆಗಿದೆ, ಬೇಕಂತಲೇ. ಎಲ್ಲ ಓದಲು ಪುರುಸೊತ್ತಿಲ್ಲದಿದ್ದರೆ ಅದೊಂದನ್ನಾದರೂ ಓದಿ.

ಪ್ರಶ್ನೆ: ಡಾಕ್ಟ್ರೇ, ನನಗೆ 20 ವರ್ಷ. ಸೋಮವಾರದಿಂದ ಶುಕ್ರವಾರದವರೆಗೆ ಒಂದು ಹನಿಯೂ ಮುಟ್ಟುವುದಿಲ್ಲ. ಶನಿವಾರ ಮಾತ್ರ ಫ್ರೆಂಡ್ಸ್ ಜೊತೆ ಏಳೆಂಟು ಪೆಗ್ ಆಗುತ್ತದೆ. ಹೋದ ವಾರ ನಾನು ಎಲ್ಲರ ಮುಂದೆ ಹಾಡಿದೆನಂತೆ, ಯಾರಿಗೋ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದೆನಂತೆ, ಯಾರೂ ಹಿಡಿದುಕೊಳ್ಳದೆ ನಡೆದೇ ರೂಮಿಗೆ ಬಂದೆನಂತೆ. ನನಗೆ ಒಂದೂ ನೆನಪಿಲ್ಲ. ಹೀಗೆಲ್ಲ ಆಗುವುದು ದಿನಾ ಕುಡಿಯುವವರಿಗೆ ತಾನೆ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು 'ಅಂತೆ' ಇವೆ, ಗಮನಿಸಿದಿರಾ? ನಿಮ್ಮದೇ ರಾತ್ರಿಯ ಕಥೆಯನ್ನು ನೀವು ಬೇರೆಯವರ ಬಾಯಿಂದ ಕೇಳಿ ತಿಳಿದುಕೊಂಡಿದ್ದೀರಿ. ನನಗೆ ಪೆಗ್ಗಿನ ಲೆಕ್ಕಕ್ಕಿಂತ ಅದೇ ಜಾಸ್ತಿ ಚಿಂತೆಯ ವಿಷಯ.

ಮೊದಲು ಪೆಗ್ಗಿನ ಲೆಕ್ಕವನ್ನೇ ನೋಡೋಣ. ಶೇ 40ರ ಡ್ರಿಂಕ್ 30 ಎಂಎಲ್ ಅಂದರೆ ಅದರಲ್ಲಿ ಅಸಲಿ ಆಲ್ಕೋಹಾಲ್ ಸುಮಾರು 9.5 ಗ್ರಾಂ. 60 ಎಂಎಲ್ ಸುರಿದುಕೊಂಡರೆ 19 ಗ್ರಾಂ. ನಿಮ್ಮ ಪೆಗ್ ಯಾವುದು? ಅಳತೆಯೇ ಇಲ್ಲದೆ ಗ್ಲಾಸಿಗೆ ಅಂದಾಜಿಗೆ ಬಗ್ಗಿಸುವುದಾದರೆ ಎಂಟು ಅಂದುಕೊಂಡಿದ್ದು ಹನ್ನೆರಡಾಗಿರಬಹುದು. ಬಿಯರ್ ತಾನೆ ಅನ್ನುವವರಿಗೂ ಒಂದು ಮಾತು. ಶೇ 8ರ ಸ್ಟ್ರಾಂಗ್ ಬಿಯರ್ 500 ಎಂಎಲ್ ಕುಡಿದರೆ 31 ಗ್ರಾಂ ಒಳಗೆ ಹೋಯಿತು, ಅಂದರೆ 30 ಎಂಎಲ್ ಪೆಗ್ ಮೂರಕ್ಕಿಂತ ಜಾಸ್ತಿ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಒಂದು ಸಲಕ್ಕೆ 60 ಗ್ರಾಂ ದಾಟಿದರೆ ಅದು ಅತಿ ಕುಡಿತ. ಅಮೆರಿಕದವರು ಇನ್ನೊಂದು ರೀತಿ ಹೇಳುತ್ತಾರೆ: ಸುಮಾರು ಎರಡು ಗಂಟೆಯೊಳಗೆ ಗಂಡಸು ಐದು, ಹೆಂಗಸು ನಾಲ್ಕು ಡ್ರಿಂಕ್ ಕುಡಿದರೆ ಬಿಂಜ್. ಅವರ ಒಂದು ಡ್ರಿಂಕ್ ಅಂದರೆ 14 ಗ್ರಾಂ. ಅಷ್ಟು ಕುಡಿದಾಗ 100 ಎಂಎಲ್ ರಕ್ತದಲ್ಲಿ 80 ಮಿಲಿಗ್ರಾಂ ಆಲ್ಕೋಹಾಲ್ ಸೇರುತ್ತದೆ. ಎರಡರಲ್ಲೂ ವಾರಕ್ಕೆ ಎಷ್ಟು ದಿನ ಅನ್ನುವ ಪ್ರಶ್ನೆಯೇ ಇಲ್ಲ, ನೋಡಿ. ಆ ಒಂದು ರಾತ್ರಿ ಎಷ್ಟು ಕುಡಿದಿರಿ, ಎಷ್ಟು ಬೇಗ ಕುಡಿದಿರಿ, ಅಷ್ಟೇ.

ಯಾಕೆಂದರೆ ಲಿವರ್ ಗಂಟೆಗೆ 7ರಿಂದ 10 ಗ್ರಾಂನಷ್ಟನ್ನು ಮಾತ್ರ ಕರಗಿಸುತ್ತದೆ. ಐದು ದಿನ ರಜೆ ಕೊಟ್ಟಿದ್ದೀನಿ, ಇವತ್ತು ಓವರ್‌ಟೈಮ್ ಮಾಡು ಅಂದರೆ ಅದು ಕೇಳುವುದಿಲ್ಲ. ನಿಮ್ಮದು 60ರ ಪೆಗ್ ಆಗಿದ್ದರೆ ಎಂಟಕ್ಕೆ 150 ಗ್ರಾಂ ಆಯಿತು. ರಾತ್ರಿ ಎಂಟಕ್ಕೆ ಶುರು ಮಾಡಿದ್ದು ಪೂರ್ತಿ ಇಳಿಯಲು ಮಾರನೇ ದಿನ ಬೆಳಿಗ್ಗೆ ಹನ್ನೊಂದಾಗುತ್ತದೆ, ಅದೂ ಲಿವರ್ ಚುರುಕಾಗಿದ್ದರೆ. ಬೆಳಿಗ್ಗೆ ಎಂಟಕ್ಕೆ ಎದ್ದು ಮುಖ ತೊಳೆದು ಗಾಡಿ ಹತ್ತುವವರು ಇನ್ನೂ ಕುಡಿದೇ ಇರುತ್ತಾರೆ.

ಈಗ ನಿಮ್ಮ ಮರೆವಿನ ವಿಷಯ. ಇದಕ್ಕೆ ಬ್ಲ್ಯಾಕೌಟ್ ಅನ್ನುತ್ತಾರೆ. ಕುಡಿದು ಮಗುಚಿಕೊಳ್ಳುವುದೇ ಬ್ಲ್ಯಾಕೌಟ್ ಅಂತ ಬಹಳ ಜನ ತಿಳಿದಿದ್ದಾರೆ, ಅದು ಬೇರೆ. ಬ್ಲ್ಯಾಕೌಟ್‌ನಲ್ಲಿ ಮನುಷ್ಯ ಎದ್ದಿರುತ್ತಾನೆ, ಮಾತಾಡುತ್ತಾನೆ, ಜಗಳ ಆಡುತ್ತಾನೆ, ಗಾಡಿ ಕೂಡ ಓಡಿಸಿಬಿಡುತ್ತಾನೆ. ಮೆದುಳಿನಲ್ಲಿ ಹಿಪ್ಪೊಕ್ಯಾಂಪಸ್ ಅನ್ನುವ ಭಾಗ ಒಂದಿದೆ, ಈಗ ನಡೆದಿದ್ದನ್ನು ನೆನಪಾಗಿ ಬರೆದಿಡುವ ಕೆಲಸ ಅದರದ್ದು. ರಕ್ತದಲ್ಲಿ ಆಲ್ಕೋಹಾಲ್ ಸರ್ರನೆ ಏರಿದಾಗ ಅದು ಕೈ ಎತ್ತುತ್ತದೆ. ಸಿಸಿಟಿವಿ ಸ್ಕ್ರೀನಿನಲ್ಲಿ ಎಲ್ಲ ಕಾಣುತ್ತಿದೆ, ಹಾರ್ಡ್‌ಡಿಸ್ಕ್‌ನಲ್ಲಿ ಮಾತ್ರ ಏನೂ ಸೇವ್ ಆಗುತ್ತಿಲ್ಲ, ಹಾಗೆ. ಆ ಅರ್ಧ ಗಂಟೆಯ ಫೋನ್ ಮಾತು ನಿಮಗೆ ಮರೆತುಹೋಗಿಲ್ಲ. ಅದು ದಾಖಲೇ ಆಗಿಲ್ಲ. ಎಷ್ಟು ತಲೆ ಕೆರೆದುಕೊಂಡರೂ ವಾಪಸ್ ಬರುವುದಿಲ್ಲ.

ಇದಕ್ಕೆ ದಿನಾ ಕುಡಿಯಬೇಕಾಗಿಲ್ಲ. ಮೊದಲನೇ ಸಲ ಕುಡಿದವರಿಗೂ ಆಗಬಹುದು. ಖಾಲಿ ಹೊಟ್ಟೆ, ಒಂದರ ಹಿಂದೊಂದು ಶಾಟ್, ಯಾರು ಮೊದಲು ಗ್ಲಾಸ್ ಖಾಲಿ ಮಾಡುತ್ತಾರೆ ಅನ್ನುವ ಆಟ, ಇವೇ ಸಾಕು. ನಿಮ್ಮನ್ನು ನಾನು ಕುಡುಕ ಅನ್ನುತ್ತಿಲ್ಲ. ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ 'ನಾನು ಅಡಿಕ್ಟಾ' ಅಂತ ಅಲ್ಲವೇ ಅಲ್ಲ. ಆ ರಾತ್ರಿ ನಡೆದುಕೊಂಡು ಬಂದ ದಾರಿಯಲ್ಲಿ ರಸ್ತೆ ದಾಟುವಾಗ ಎರಡೂ ಕಡೆ ನೋಡಿದ್ದೆನಾ ಅಂತ ಕೇಳಿಕೊಳ್ಳಿ. ಉತ್ತರ ನಿಮಗೆ ಯಾವತ್ತೂ ಗೊತ್ತಾಗುವುದಿಲ್ಲ.

ಬಿಟ್ಟರೆ ಒಳ್ಳೆಯದು, ಅದನ್ನು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಬಿಡಲ್ಲ ಅನ್ನುವುದಾದರೆ ಊಟ ಮಾಡಿ ಶುರು ಮಾಡಿ, ಅಳತೆ ಹಾಕಿ ಸುರಿಯಿರಿ, 30ರ ಒಂದು ಪೆಗ್ಗಿಗೆ ಒಂದು ಗಂಟೆ ಕೊಡಿ, ಶಾಟ್ ಮತ್ತು ಆಟ ಎರಡರಿಂದಲೂ ದೂರ ಇರಿ. ಗಾಡಿ ಕೀ ಮೊದಲೇ ಕುಡಿಯದವರ ಕೈಯಲ್ಲಿರಲಿ. ಮತ್ತೊಮ್ಮೆ ಬ್ಲ್ಯಾಕೌಟ್ ಆದರೆ ಡಾಕ್ಟರನ್ನು ನೋಡಲೇಬೇಕು, ತಮಾಷೆಗೆ ಹೇಳುತ್ತಿಲ್ಲ.

ಪ್ರಶ್ನೆ: ನಾವು ನಾಲ್ಕು ಹುಡುಗಿಯರು ಒಂದೇ ಹಾಸ್ಟೆಲ್ ರೂಮಿನಲ್ಲಿದ್ದೇವೆ. ಬರ್ತ್‌ಡೇ ದಿನ ಒಬ್ಬಳು ತುಂಬಾ ಕುಡಿದು ಔಟ್ ಆದಳು. ಮುಖಕ್ಕೆ ತಣ್ಣೀರು ಎರಚಿದೆವು, ಕಾಫಿ ಕುಡಿಸಲು ನೋಡಿದೆವು, ಆಗಲಿಲ್ಲ. ಮಲಗಿದರೆ ಇಳಿಯುತ್ತದೆ ಅಂತ ಅಂಗಾತ ಮಲಗಿಸಿ ಲೈಟ್ ಆಫ್ ಮಾಡಿದೆವು. ಬೆಳಿಗ್ಗೆ ಎದ್ದಳು, ಸದ್ಯ. ನಾವು ಮಾಡಿದ್ದು ಸರಿನಾ? ಆಸ್ಪತ್ರೆಗೆ ಹೋದರೆ ವಾರ್ಡನ್‌ಗೆ ಗೊತ್ತಾಗುತ್ತದೆ ಅನ್ನುವ ಭಯ ಇತ್ತು.

ಉತ್ತರ: ಕಾಳಜಿ ಇತ್ತು, ಸರಿ. ಮಾಡಿದ್ದು ಮಾತ್ರ ಒಂದೂ ಸರಿ ಇಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಈ ತಪ್ಪು ನಾವೂ ಮಾಡಿದ್ದೇವೆ. ನಾನು ಮೆಡಿಕಲ್ ಓದುವಾಗ, ಅದೂ ಮೊದಲನೇ ವರ್ಷದಲ್ಲಿ, ಒಬ್ಬ ಫ್ರೆಂಡ್ ಹೀಗೇ ಔಟ್ ಆಗಿ ಜೋರಾಗಿ ಗೊರಕೆ ಹೊಡೆಯುತ್ತಿದ್ದ. ಗೊರಕೆಯ ಜೊತೆ ಗಂಟಲಲ್ಲಿ ಗುಳುಗುಳು ಸದ್ದು. ನಾವೆಲ್ಲ ನಗುತ್ತಾ ಕೂತಿದ್ದೆವು. ಪಕ್ಕದ ರೂಮಿನ ಸೀನಿಯರ್ ಸದ್ದು ಕೇಳಿ ಬಂದವರು ಒಂದು ಮಾತೂ ಆಡದೆ ಅವನನ್ನು ಪಕ್ಕಕ್ಕೆ ಹೊರಳಿಸಿದರು. ಬಾಯಿಂದ ವಾಂತಿ ದಳದಳ ಸುರಿಯಿತು. ಅಷ್ಟೂ ಅವನ ಗಂಟಲಲ್ಲೇ ನಿಂತಿತ್ತು. ಆಮೇಲೆ ಯಾರೂ ನಗಲಿಲ್ಲ.

ಆಗುವುದು ಇಷ್ಟು. ಆಲ್ಕೋಹಾಲ್ ಮೆದುಳನ್ನು ಮಂಕು ಮಾಡುತ್ತಾ ಹೋಗುತ್ತದೆ. ಮೊದಲು ನಾಚಿಕೆ ಹೋಗುತ್ತದೆ, ಆಮೇಲೆ ಮಾತು ತೊದಲುತ್ತದೆ, ಕಾಲು ತಪ್ಪುತ್ತದೆ, ಎಚ್ಚರ ತಪ್ಪುತ್ತದೆ. ಪ್ರಮಾಣ ಇನ್ನೂ ಏರಿದರೆ ಉಸಿರಾಟ ನೋಡಿಕೊಳ್ಳುವ ಭಾಗವೂ ಮಂಕಾಗುತ್ತದೆ. ಗಂಟಲಿಗೆ ಏನಾದರೂ ಬಂದರೆ ಕೆಮ್ಮಿ ಹೊರಹಾಕುವ ಶಕ್ತಿ ಇರುವುದಿಲ್ಲ. ಅಂಗಾತ ಮಲಗಿದ್ದರೆ ವಾಂತಿ ನೇರ ಶ್ವಾಸಕೋಶಕ್ಕೆ ಹೋಗಬಹುದು.

'ಮಲಗಿದರೆ ಇಳಿಯುತ್ತದೆ' ಅನ್ನುವುದರಲ್ಲೂ ಒಂದು ಮೋಸ ಇದೆ. ಕೊನೇ ಗ್ಲಾಸ್ ಕುಡಿದು ಬಿದ್ದುಕೊಂಡಾಗ ಅದು ಇನ್ನೂ ಹೊಟ್ಟೆಯಲ್ಲೇ ಇರುತ್ತದೆ. ಅಲ್ಲಿಂದ ರಕ್ತಕ್ಕೆ ಸೇರುತ್ತಲೇ ಹೋಗುತ್ತದೆ. ಅಂದರೆ ನೀವು ಲೈಟ್ ಆಫ್ ಮಾಡಿ ಮಲಗಿದ ಮೇಲೆ ಮುಂದಿನ ಅರ್ಧ ಗಂಟೆ, ಒಂದು ಗಂಟೆ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಹೊತ್ತು, ಅವಳ ಅಮಲು ಏರುತ್ತಲೇ ಇದ್ದಿರಬಹುದು.

ಹಾಗಾದರೆ ಏನು ಮಾಡಬೇಕು? ಕಿವಿ ಹತ್ತಿರ ಜೋರಾಗಿ ಹೆಸರು ಕೂಗಿ. ಭುಜದ ಮೇಲಿನ ಮಾಂಸವನ್ನು ಗಟ್ಟಿಯಾಗಿ ಹಿಂಡಿ. ಕಣ್ಣು ಬಿಟ್ಟು ಬೈದರೆ ಒಳ್ಳೆಯದೇ, ಆದರೂ ಒಬ್ಬಳನ್ನೇ ಬಿಡಬೇಡಿ. ಏನೂ ಪ್ರತಿಕ್ರಿಯೆ ಇಲ್ಲ ಅಂದರೆ ಮೊದಲು ಆಂಬುಲೆನ್ಸ್‌ಗೆ ಫೋನ್ ಮಾಡಿ. ಅದು ಬರುವವರೆಗೆ ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಾಕಿ ಎದೆ ನೋಡುತ್ತಾ ಒಂದು ನಿಮಿಷ ಉಸಿರು ಎಣಿಸಿ. ಎಂಟಕ್ಕಿಂತ ಕಮ್ಮಿ ಇದ್ದರೆ, ಅಥವಾ ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಹತ್ತು ಸೆಕೆಂಡು ಬಿಡುವು ಬಂದರೆ, ಜೀವಕ್ಕೇ ಅಪಾಯ ಇದೆ ಅಂತ ಅರ್ಥ. ತುಟಿ, ಉಗುರು ನೀಲಿಯಾಗಿದ್ದರೆ, ಮೈ ತಣ್ಣಗೆ ಜಿಗುಟಾಗಿದ್ದರೆ, ಫಿಟ್ಸ್ ಬಂದರೆ, ಎಚ್ಚರ ಇಲ್ಲದೆಯೇ ವಾಂತಿ ಆದರೆ, ಎಲ್ಲೋ ಬಿದ್ದು ತಲೆಗೆ ಪೆಟ್ಟು ಬಿದ್ದಿದ್ದರೆ, ಆಗಲೂ ಅಷ್ಟೇ. ಎಲ್ಲ ಲಕ್ಷಣ ಒಟ್ಟಿಗೆ ಬರಲಿ ಅಂತ ಕಾಯಬೇಡಿ, ಒಂದು ಸಾಕು. ಉಸಿರೇ ನಿಂತಿದೆ ಅನ್ನಿಸಿದರೆ ಅದನ್ನೇ ಫೋನಿನಲ್ಲಿ ಹೇಳಿ, ಅವರು ಹೇಳಿಕೊಟ್ಟ ಹಾಗೆ ಎದೆ ಒತ್ತಲು ಶುರು ಮಾಡಿ.

ಉಸಿರಾಡುತ್ತಿದ್ದರೆ ಪಕ್ಕಕ್ಕೆ ಮಲಗಿಸಿ. ಅವಳ ಪಕ್ಕದಲ್ಲಿ ಮಂಡಿಯೂರಿ ಕೂತುಕೊಳ್ಳಿ. ನಿಮ್ಮ ಕಡೆಗಿರುವ ಕೈಯನ್ನು ಮೈಯಿಂದ ಆಚೆ ಚಾಚಿಡಿ. ಆ ಕಡೆಯ ಕೈ ತಂದು ಅಂಗೈ ಹಿಂಭಾಗ ಅವಳ ಕೆನ್ನೆಗೆ ತಾಗುವ ಹಾಗೆ ಇಟ್ಟುಕೊಳ್ಳಿ. ಆ ಕಡೆಯ ಮಂಡಿ ಮಡಚಿ ಮೇಲೆತ್ತಿ, ಅದೇ ಮಂಡಿ ಹಿಡಿದು ನಿಮ್ಮ ಕಡೆಗೆ ಎಳೆದರೆ ಇಡೀ ಮೈ ಸಲೀಸಾಗಿ ಹೊರಳುತ್ತದೆ, ಜಾಸ್ತಿ ಬಲ ಬೇಡ. ತಲೆ ಸ್ವಲ್ಪ ಹಿಂದಕ್ಕೆ, ಬಾಯಿ ನೆಲದ ಕಡೆಗೆ ಇರಲಿ. ಮತ್ತೆ ಅಂಗಾತ ಹೊರಳದ ಹಾಗೆ ಬೆನ್ನ ಹಿಂದೆ ಪುಸ್ತಕ ತುಂಬಿದ ಬ್ಯಾಗ್ ಇಡಿ. ಒಬ್ಬರು ಎದ್ದು ಕೂತಿರಬೇಕು, ಲೈಟ್ ಉರಿಯುತ್ತಿರಬೇಕು.

ಕಾಫಿ ಕೊಟ್ಟರೆ ಅಮಲು ಇಳಿಯುವುದಿಲ್ಲ, ಎಚ್ಚರ ತಪ್ಪಿದವರ ಬಾಯಿಗೆ ಏನು ಹಾಕಿದರೂ ಉಸಿರುನಾಳಕ್ಕೆ ಹೋಗುವ ಭಯ. ತಣ್ಣೀರು ಬೇಡವೇ ಬೇಡ. ಕುಡಿದಾಗ ಚರ್ಮದ ರಕ್ತನಾಳ ಹಿಗ್ಗಿ ಮೈ ಬೆಚ್ಚಗೆ ಅನ್ನಿಸಿದರೂ ಒಳಗಿನ ಶಾಖ ಹೊರಗೆ ಹೋಗುತ್ತಿರುತ್ತದೆ, ಅದರ ಮೇಲೆ ನೀರು ಸುರಿದರೆ ಇನ್ನಷ್ಟು ತಣ್ಣಗಾಗುತ್ತದೆ. ಬೆರಳು ಹಾಕಿ ವಾಂತಿ ಮಾಡಿಸುವುದು, ಹೆಗಲು ಕೊಟ್ಟು ನಡೆಸುವುದು, ಇವೂ ಬೇಡ.

ವಾರ್ಡನ್ ವಿಷಯ. ಬೈಗುಳ, ನೋಟಿಸ್, ಮನೆಗೆ ಫೋನ್, ಎಲ್ಲ ಆಗಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಇದೇ ಭಯಕ್ಕೆ ಮಕ್ಕಳು ಫೋನ್ ಮಾಡಲು ಹಿಂದೆಮುಂದೆ ನೋಡುತ್ತಾರೆ ಅಂತ ಗೊತ್ತಾಗಿಯೇ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ 2002ರಲ್ಲಿ ಒಂದು ನಿಯಮ ತಂದಿತು. ಕುಡಿದು ಎಚ್ಚರ ತಪ್ಪಿದವರಿಗಾಗಿ ಸಹಾಯ ಕೇಳಿದವರನ್ನು ಶಿಸ್ತು ಕ್ರಮಕ್ಕೆ ಗುರಿ ಮಾಡುವುದಿಲ್ಲ ಅಂತ. ಆಮೇಲೆ ಅಲ್ಲಿನ ಎಷ್ಟೋ ಕಾಲೇಜುಗಳು ಇದನ್ನೇ ಮಾಡಿದವು. ಈ ಅಂಕಣ ಓದುವ ಪ್ರಿನ್ಸಿಪಾಲರು, ವಾರ್ಡನ್‌ಗಳು ಇದ್ದರೆ ದಯವಿಟ್ಟು ಯೋಚಿಸಿ. ಹುಡುಗಿಯರೇ, ನೀವು ಮಾತ್ರ ನಿಯಮ ಬರಲಿ ಅಂತ ಕಾಯಬೇಡಿ. ಡಾಕ್ಟರ ಹತ್ತಿರ ಏನು, ಎಷ್ಟು, ಜೊತೆಗೆ ಯಾವುದಾದರೂ ಮಾತ್ರೆ ನುಂಗಿದ್ದಳಾ ಅನ್ನುವುದನ್ನು ಮುಚ್ಚಿಡದೆ ಹೇಳಿ.

ಪ್ರಶ್ನೆ: ನನ್ನ ಕೆಪ್ಯಾಸಿಟಿ ಜಾಸ್ತಿ. ಹುಡುಗರಿಗೆ ಸಮನಾಗಿ ಕುಡಿದರೂ ನನಗೆ ಏರುವುದಿಲ್ಲ. ಎನರ್ಜಿ ಡ್ರಿಂಕ್ ಜೊತೆ ಕುಡಿದರಂತೂ ಏನೂ ಆಗುವುದಿಲ್ಲ. ಇದು ಒಳ್ಳೆಯದೇ ಅಲ್ವಾ? ನಾನು ಹುಡುಗಿ, 21 ವರ್ಷ.

ಉತ್ತರ: ಕೆಟ್ಟು ನಿಂತ ಫೈರ್ ಅಲಾರಂ ಕೂಗಲಿಲ್ಲ ಅಂತ ಖುಷಿ ಪಟ್ಟ ಹಾಗಾಯಿತು. ಪದೇ ಪದೇ ಕುಡಿದಾಗ ಮೆದುಳು ಅಮಲಿಗೆ ಒಗ್ಗಿಕೊಳ್ಳುತ್ತದೆ, ತೂರಾಡುವುದು ಕಮ್ಮಿಯಾಗುತ್ತದೆ. ರಕ್ತದಲ್ಲಿ ಆಲ್ಕೋಹಾಲ್ ಮಾತ್ರ ಅಷ್ಟೇ ಇರುತ್ತದೆ. ಉಸಿರಾಟ ನಿಲ್ಲಿಸುವ ಪ್ರಮಾಣ ನಿಮ್ಮ ಕೆಪ್ಯಾಸಿಟಿ ಏರಿದಷ್ಟು ಮೇಲಕ್ಕೆ ಸರಿಯುವುದಿಲ್ಲ. ಎನರ್ಜಿ ಡ್ರಿಂಕಿನ ಕೆಫೀನ್ ನಿದ್ದೆಯ ಮಂಪರನ್ನಷ್ಟೇ ಓಡಿಸುತ್ತದೆ, ನೀವು ಎಚ್ಚರವಾಗಿರುವ ಕುಡುಕರಾಗುತ್ತೀರಿ. ಇನ್ನು ಹೆಂಗಸರ ಮೈಯಲ್ಲಿ ನೀರಿನ ಪಾಲು ಗಂಡಸರಿಗಿಂತ ಕಮ್ಮಿ. ತೂಕ ಒಂದೇ ಇದ್ದು ಒಂದೇ ಅಳತೆ ಕುಡಿದರೂ ನಿಮ್ಮ ರಕ್ತದಲ್ಲಿ ಅದರ ಮಟ್ಟ ಜಾಸ್ತಿ. ಸಮಾನತೆ ಬೇಕು ನಿಜ, ಅದನ್ನು ಬೇರೆ ಕಡೆ ಕೇಳೋಣ.

ಪ್ರಶ್ನೆ: ಮಗನಿಗೆ 19. ಎರಡು ಸಲ ಕುಡಿದು ಮನೆಗೆ ಬಂದ. ಎರಡನೇ ಸಲ ನಮ್ಮ ಯಜಮಾನರು ಕೈ ಎತ್ತಿದರು. ಈಗ ಅಪ್ಪ ಮಗನ ನಡುವೆ ಮಾತಿಲ್ಲ. ಹೊರಗೆ ಕುಡಿಯುವ ಬದಲು ಮನೆಯಲ್ಲೇ ನಮ್ಮ ಕಣ್ಣೆದುರು ಸ್ವಲ್ಪ ಕುಡಿಯಲಿ ಅಂತ ಬಿಟ್ಟರೆ ಹದ್ದುಬಸ್ತಿನಲ್ಲಿ ಇರುತ್ತಾನಾ?

ಉತ್ತರ: ಅಮ್ಮ, ಹಾಗಂತ ನಂಬಿದವರು ಬಹಳ ಜನ. ಆಸ್ಟ್ರೇಲಿಯಾದಲ್ಲಿ 1,900ಕ್ಕೂ ಹೆಚ್ಚು ಹದಿಹರೆಯದ ಮಕ್ಕಳನ್ನು ಆರು ವರ್ಷ ಗಮನಿಸಿ 2018ರಲ್ಲಿ ವರದಿ ಪ್ರಕಟಿಸಿದರು. ಮನೆಯವರೇ ಕೊಟ್ಟು ಕುಡಿಸಿದ್ದರಿಂದ ಮಕ್ಕಳಿಗೆ ಯಾವ ರಕ್ಷಣೆಯೂ ಸಿಕ್ಕಿರಲಿಲ್ಲ. ಏನೂ ಸಿಗದಿದ್ದ ಮಕ್ಕಳಿಗಿಂತ ಅವರಲ್ಲೇ ಬಿಂಜ್ ಮಾಡುವ ಸಾಧ್ಯತೆ ಜಾಸ್ತಿ ಇತ್ತು. ಅವು ನಿಮ್ಮ ಮಗನಿಗಿಂತ ಚಿಕ್ಕ ಮಕ್ಕಳು, ನಿಜ. ಆದರೂ ನಾನು ಬೇಡ ಅನ್ನುತ್ತೇನೆ.

ಹೊಡೆತದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದರಿಂದ ಕುಡಿತ ನಿಲ್ಲುವುದಿಲ್ಲ, ಮನೆಗೆ ಬರುವುದು ನಿಲ್ಲುತ್ತದೆ. ಮುಂದಿನ ಸಲ ಅವನು ಫ್ರೆಂಡ್ ರೂಮಿನಲ್ಲಿ ಮಲಗುತ್ತಾನೆ, ಎರಡನೇ ಪ್ರಶ್ನೆಯ ಹಾಸ್ಟೆಲ್ ಹುಡುಗಿಯ ಹಾಗೆ ಅಂಗಾತ.

ಕುಡಿದಿರುವಾಗ ಮಾತಾಡಬೇಡಿ. ಮಾರನೇ ದಿನ ಸಂಜೆ, ಇಬ್ಬರೇ ಇದ್ದಾಗ, ನೀವು ಕಂಡಿದ್ದನ್ನಷ್ಟೇ ಹೇಳಿ. 'ಬಾತ್‌ರೂಮ್ ಬಾಗಿಲು ಹಿಡಿದು ನಿಂತಿದ್ದೆ, ಒಳಗೆ ಬೀಳ್ತೀಯೇನೋ ಅಂತ ನನಗೆ ಭಯ ಆಯ್ತು ಕಣೋ' ಅಂತ. ಆಮೇಲೆ ಸುಮ್ನೆ ಇರಿ. ಈ ಸುಮ್ಮನಿರುವುದೇ ಅಮ್ಮಂದಿರಿಗೆ ಕಷ್ಟ, ಗೊತ್ತು. ಪಕ್ಕದ ಮನೆಯವರ ಮಗನ ಮಾರ್ಕ್ಸು, ಮನೆತನದ ಮಾನ, ಇವು ಆ ಮಾತಿನ ನಡುವೆ ಬರಬಾರದು. ಯಾಕೆ ಕುಡಿಯುತ್ತೀಯ ಅನ್ನುವುದಕ್ಕಿಂತ ಆ ದಿನ ಏನಾಗಿತ್ತು ಅಂತ ಕೇಳಿದರೆ ಉತ್ತರ ಸಿಗುವುದು ಹೆಚ್ಚು. ಓದಿನ ಒತ್ತಡವೋ, ಹುಡುಗಿಯ ವಿಷಯವೋ, ಬರೀ ಶೋಕಿಯೋ, ಆಗ ತಿಳಿಯುತ್ತದೆ. ಕೊನೆಗೆ ಒಂದು ಮಾತು ಕೊಡಿ: 'ಯಾವ ಹೊತ್ತಲ್ಲಾದರೂ ಫೋನ್ ಮಾಡು, ಬಂದು ಕರೆದುಕೊಂಡು ಬರುತ್ತೇವೆ, ಆ ರಾತ್ರಿ ಒಂದು ಪ್ರಶ್ನೆಯನ್ನೂ ಕೇಳಲ್ಲ.' ಕೊಟ್ಟ ಮೇಲೆ ಉಳಿಸಿಕೊಳ್ಳಬೇಕು, ಯಜಮಾನರೂ ಸೇರಿ. ಅಂದ ಹಾಗೆ, ಯಜಮಾನರು ಕುಡಿಯುತ್ತಾರಾ ಅಂತ ನೀವು ಬರೆದಿಲ್ಲ. ಕುಡಿಯುವುದಾದರೆ ಮಾತು ಅಲ್ಲಿಂದ ಶುರು ಆಗಬೇಕು.

ಪ್ರಶ್ನೆ: ನಾನು ಕುಡಿಯುವುದಿಲ್ಲ. ಗ್ಯಾಂಗಿನಲ್ಲಿ ನಾನೊಬ್ಬನೇ ಹೀಗೆ ಅನ್ನಿಸಿ ನಾಚಿಕೆ ಆಗುತ್ತದೆ.

ಉತ್ತರ: ನೀವೊಬ್ಬರೇ ಅಲ್ಲ. 1986ರಲ್ಲಿ ಪರ್ಕಿನ್ಸ್ ಮತ್ತು ಬರ್ಕೊವಿಟ್ಜ್ ಅನ್ನುವ ಇಬ್ಬರು ಸಂಶೋಧಕರು ಒಂದು ಕಾಲೇಜಿನ ವಿದ್ಯಾರ್ಥಿಗಳನ್ನು ಕೇಳಿ ನೋಡಿದರು. ಕುಡಿತದ ಬಗ್ಗೆ ಉಳಿದವರೆಲ್ಲ ತಮಗಿಂತ ಧಾರಾಳಿಗಳು ಅಂತ ಹೆಚ್ಚಿನವರು ತಿಳಿದಿದ್ದರು. ಎಲ್ಲರೂ ಹಾಗೇ ತಿಳಿದರೆ ಎಲ್ಲರೂ ತಪ್ಪು ತಾನೆ? ಗಲಾಟೆ ಮಾಡುವ ಮೂವರು ಕಣ್ಣಿಗೆ ಬೀಳುತ್ತಾರೆ, ರೂಮಿನಲ್ಲಿ ಮಲಗಿರುವ ಮೂವತ್ತು ಜನ ಕಾಣುವುದಿಲ್ಲ.

ಇನ್ನೊಂದು ನನಗೆ ಬಹಳ ಇಷ್ಟವಾದದ್ದು. ಅಲನ್ ಮಾರ್ಲಟ್ ಅನ್ನುವ ಮನಶ್ಶಾಸ್ತ್ರಜ್ಞರು ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಬಾರ್ ಥರವೇ ಕಾಣುವ ಒಂದು ಲ್ಯಾಬ್ ಕಟ್ಟಿಸಿದ್ದರು. ಅಲ್ಲಿ ಆಲ್ಕೋಹಾಲ್ ಅಂತ ಹೇಳಿ ಆಲ್ಕೋಹಾಲ್ ಇಲ್ಲದ್ದನ್ನು ಕೊಟ್ಟರೂ ಜನ ಅಮಲೇರಿದವರ ಹಾಗೆ ನಗುತ್ತಿದ್ದರು, ಕಿರುಚುತ್ತಿದ್ದರು. ಪಾರ್ಟಿಯ ಮಜಾದಲ್ಲಿ ಒಂದಷ್ಟು ಪಾಲು ಗ್ಲಾಸಿನೊಳಗೆ ಇರುವುದೇ ಇಲ್ಲ. ನೀವೂ ಕೈಯಲ್ಲಿ ಏನಾದರೂ ತುಂಬಿದ ಗ್ಲಾಸ್ ಹಿಡಿದಿರಿ, ಖಾಲಿ ಕೈ ಕಂಡರೆ ಮಾತ್ರ ಜನ ಸುರಿಯಲು ಬರುತ್ತಾರೆ. 'ಬೇಡ ಮಚ್ಚಾ, ನನಗೆ ಆಗಲ್ಲ' ಸಾಕು. ಕಾರಣ ಕೊಡಬೇಡಿ, ಕೊಟ್ಟರೆ ವಾದಕ್ಕೆ ಕೂರುತ್ತಾರೆ.

ಪ್ರಶ್ನೆ: ಒಂದು ತಿಂಗಳು ಬಿಡುತ್ತೇನೆ ಅಂತ ಮೂರು ಸಲ ಶಪಥ ಮಾಡಿದೆ. ಎರಡನೇ ಶನಿವಾರಕ್ಕೇ ಮುರಿಯಿತು. ನನಗೆ ಚಿಕಿತ್ಸೆ ಬೇಕಾಗಿದೆಯಾ?

ಉತ್ತರ: ವಿಶ್ವ ಆರೋಗ್ಯ ಸಂಸ್ಥೆಯ 'ಆಡಿಟ್' ಅನ್ನುವ ಹತ್ತು ಪ್ರಶ್ನೆಗಳ ಪಟ್ಟಿ ಇದೆ. ಒಟ್ಟು 40 ಅಂಕ, 8 ಅಥವಾ ಜಾಸ್ತಿ ಬಂದರೆ ಡಾಕ್ಟರ ಹತ್ತಿರ ಮಾತಾಡಬೇಕು. ಐದೇ ನಿಮಿಷದ ಕೆಲಸ, ಸುಳ್ಳು ಹೇಳದೆ ತುಂಬಿಸಿ. ವಿದ್ಯಾರ್ಥಿಗಳಿಗೆ ಎಷ್ಟೋ ಸಲ ಒಂದೆರಡು ಭೇಟಿಯಲ್ಲಿ ಕೂತು ಲೆಕ್ಕ ಹಾಕಿ ಮಾತಾಡಿದ್ದೇ ಕೆಲಸ ಮಾಡುತ್ತದೆ, ಅಡ್ಮಿಟ್ ಆಗಬೇಕು ಅಂತೇನಿಲ್ಲ. ಒಂದು ಎಚ್ಚರಿಕೆ ಮಾತ್ರ: ದಿನಾ ಜಾಸ್ತಿ ಕುಡಿಯುವವರಾಗಿದ್ದು, ಬಿಟ್ಟ ಬೆಳಿಗ್ಗೆ ಕೈ ನಡುಗುವುದು, ಬೆವರುವುದು ಇದ್ದರೆ ತಟಕ್ಕನೆ ನಿಲ್ಲಿಸಬೇಡಿ. ಫಿಟ್ಸ್ ಬರಬಹುದು. ಡಾಕ್ಟರ ಜೊತೆಗೇ ಬಿಡಬೇಕು.

ನಿಮ್ಮದು ಬರೀ ಶನಿವಾರದ ಕಥೆಯಾದರೆ ಒಂದು ತಿಂಗಳ ಶಪಥ ಬೇಡ, ಬರುವ ಶನಿವಾರ ಒಂದನ್ನು ಹಿಡಿಯಿರಿ. ಎರಡನೇ ಶನಿವಾರ ಎಲ್ಲಿ, ಯಾರ ಜೊತೆ, ಎಷ್ಟು ಗಂಟೆಗೆ ಮುರಿಯಿತು ಅಂತ ಬರೆದುಕೊಳ್ಳಿ. ಮೂರು ಸಲವೂ ಒಂದೇ ರೂಮು, ಒಂದೇ ಫ್ರೆಂಡ್ ಇರುತ್ತಾನೆ, ನೋಡಿ ಬೇಕಾದರೆ. ಆ ಹೊತ್ತಿಗೆ ಅವನನ್ನೇ ಬೇರೆ ಎಲ್ಲಿಗಾದರೂ ಕರೆದುಕೊಂಡು ಹೋಗಿ, ಆಟಕ್ಕೋ ಸಿನಿಮಾಕ್ಕೋ. ಅವನಿಗೂ ಬಿಡಬೇಕು ಅಂತ ಇರಬಹುದು, ನಿಮ್ಮ ಹತ್ತಿರ ಹೇಳಿಲ್ಲ ಅಷ್ಟೇ.